ಸದರಿ ಕೃತ್ಯ

ಕಾರ್ಮಿಕ ಕಚೇರಿಯ ಎದುರಿನ ಜಗಲಿಯಲ್ಲಿ ಟೈಪ್ ಯಂತ್ರ ಇಟ್ಟುಕೊಂಡು ಅರ್ಜಿ ಬರೆದುಕೊಡುವ ಹೆಂಗಸನ್ನು ಎಲ್ಲರೂ ಸದರಿಯಮ್ಮ ಎಂದೇ ಕರೆಯುತ್ತಿದ್ದರು. ಬಾಯಿ ಬಿಟ್ಟರೆ ‘ಸದರಿ’. ಗಂಡ ಊಟದ ಡಬ್ಬಿ ತಂದರೂ, “ಸದರಿಯವರು ಅಲ್ಲೇ ಕೂತಿರಲಿ, ಕೈಯಲ್ಲಿ ಕೆಲಸ ಇದೆ” ಅನ್ನುವ ಆಸಾಮಿ.

ಆ ದಿನ ಅವಳೆದುರು ಹೊಲಿಗೆ ಕಾರ್ಖಾನೆಯ ಹುಡುಗಿಯೊಬ್ಬಳು ಕೂತಿದ್ದಳು. ತೋಳಿನ ಹೊಲಿಗೆ ತೋರಿಸುವ ನೆಪದಲ್ಲಿ ಮೇಲ್ವಿಚಾರಕ ಅವಳ ರವಿಕೆಯೊಳಗೆ ಕೈ ಹಾಕಿದ್ದ. ದೂರು ಕೊಡಲೇಬೇಕೆಂದು ಅತ್ತಿಗೆ ಎಳೆದುಕೊಂಡು ಬಂದಿದ್ದಳು. ದೂರನ್ನು ವಿಚಾರಣೆಯಲ್ಲಿ ಎಲ್ಲರೆದುರು ತಾನೇ ಗಟ್ಟಿಯಾಗಿ ಓದಬೇಕೆಂದು ಗೊತ್ತಾದಾಗಿನಿಂದ ಹುಡುಗಿ ಮನೆಗೆ ಹೋಗೋಣ ಎನ್ನುತ್ತಿದ್ದಳು. ಆ ಮಾತನ್ನು ಹತ್ತು ಸಲ ಆಡುವುದಕ್ಕಿಂತ ಕೆಲಸ ಬಿಡುವುದೇ ವಾಸಿ ಅನ್ನಿಸಿತ್ತು.

“ಒಂದೇ ಸಲ ಹೇಳು ಮಗಳೇ, ಇದ್ದದ್ದು ಇದ್ದ ಹಾಗೆ,” ಎಂದಳು ಸದರಿಯಮ್ಮ. “ಆಮೇಲೆ ಅದು ನಿನ್ನ ಬಾಯಲ್ಲಿ ಪದೇ ಪದೇ ಬರದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ.”

ಹುಡುಗಿ ನೆಲ ನೋಡುತ್ತಾ ಹೇಳಿದಳು. ಯಂತ್ರ ಟಕಟಕ ಎಂದಿತು.

ಹಾಳೆ ಕೈಗೆ ಬಂದಾಗ ಅವಳು ಬೆರಗಾದಳು. ಆ ಹೊಲಸೆಲ್ಲ ಮೊದಲ ವಾಕ್ಯದಲ್ಲೇ ಇತ್ತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಲ್ಲಿಂದ ಮುಂದೆ ‘ಸದರಿ ಕೃತ್ಯವನ್ನು ಪ್ರತಿಭಟಿಸಿದಾಗ’, ‘ಸದರಿ ಕೃತ್ಯದ ತರುವಾಯ’, ಅಷ್ಟೇ. ಕಚೇರಿಯವರ ಈ ಒಣ ಮಾತನ್ನು ಅವಳೂ ಆಡಿಕೊಂಡು ನಕ್ಕಿದ್ದುಂಟು. ಅದರಲ್ಲಿ ಇಷ್ಟು ಕರುಣೆ ಇರಬಹುದೆಂದು ಯಾರಿಗೆ ಗೊತ್ತಿತ್ತು? ಆ ಹೆಂಗಸಿನ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

ವಿಚಾರಣೆಯ ದಿನ ಉದ್ದನೆಯ ಮೇಜಿನಾಚೆ ಸಮಿತಿಯ ಮೂವರು ಕೂತಿದ್ದರು. ಮೊದಲ ವಾಕ್ಯವನ್ನು ಹುಡುಗಿ ಕಣ್ಣು ಮುಚ್ಚಿ ಕಹಿ ಔಷಧ ನುಂಗಿದಂತೆ ಒಂದೇ ಉಸಿರಿಗೆ ಮುಗಿಸಿದಳು. ಉಳಿದದ್ದು ಸರಾಗವಾಗಿ ಬಂತು, ದನಿ ಎಲ್ಲೂ ನಡುಗಲಿಲ್ಲ.

ಮೇಲ್ವಿಚಾರಕ ಎದ್ದು ನಿಂತ. “ಸದರಿ ಕೃತ್ಯ ನಾನು ಮಾಡೇ ಇಲ್ಲ ಮೇಡಂ. ಹುಡುಗಿ ಏನೋ ತಪ್ಪು ತಿಳ್ಕೊಂಡಿದಾಳೆ,” ಎಂದ, ಬೆಣ್ಣೆಯಂಥ ದನಿಯಲ್ಲಿ.

ನಡುವೆ ಕೂತಿದ್ದ ಅಧ್ಯಕ್ಷೆ ಹಾಳೆಯನ್ನು ಅವನತ್ತ ಸರಿಸಿದರು. “ಏನನ್ನ ತಪ್ಪು ತಿಳ್ಕೊಂಡಳು? ಸದರಿ ಕೃತ್ಯ ಯಾವುದು ಅಂತ ಮೊದಲನೇ ವಾಕ್ಯದಲ್ಲಿದೆ. ಓದಿ.”

ಅವನು ಹಾಳೆ ಎತ್ತಿಕೊಂಡ. ಎರಡು ಪದ ಓದಿ ಕೆಮ್ಮಿದ. ನೀರು ಕೇಳಿದ.

“ನೀರು ಆಮೇಲೆ. ಪೂರ್ತಿ ಓದಿ, ಗಟ್ಟಿಯಾಗಿ.”

ಹುಡುಗಿ ತಲೆ ಎತ್ತಿ ಅವನ ಬಾಯನ್ನೇ ನೋಡುತ್ತಾ ಕೂತಳು.