ತಂಗಿಯ ಹವಳ

ಜರಡಿಯಲ್ಲಿದ್ದ ಹವಳದ ಚೂರುಗಳನ್ನು ಮತ್ತೆ ನಲ್ಲಿಗೆ ಹಿಡಿದೆ. ಸುಣ್ಣ ಕಲಸಿದಂಥ ಬಿಳಿ ನೀರು ಇನ್ನೂ ಇಳಿಯುತ್ತಲೇ ಇತ್ತು.

“ಅತ್ತೆ, ಅವು ಸತ್ತು ಎಷ್ಟು ಕಾಲವಾಯ್ತೋ! ಇನ್ನೆಷ್ಟು ಸ್ನಾನ ಮಾಡಿಸ್ತೀರಿ?” ಸೊಸೆ ಹಜಾರದಿಂದ ಕೂಗಿದಳು.

“ಧೂಳು ಒಳಗೆ ಹೋದರೆ ಪಂಪು ಕಟ್ಟಿಕೊಳ್ಳುತ್ತೆ. ತಾಳಮ್ಮ.”

ತಾಳ್ಮೆ ನನಗೂ ಇರಲಿಲ್ಲವೆನ್ನಿ. ತಂಗಿ ಒಂದೇ ಕೋಣೆಯ ಮನೆಗೆ ಹೋಗುವಾಗ ಸಮುದ್ರದ ಮೀನು, ಹವಳ ಸಾಕುವ ತನ್ನ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಮಾರಿ, ಕವಲೊಡೆದ ಹವಳವೊಂದನ್ನು ನನ್ನ ತೊಟ್ಟಿಗೆ ಬಿಟ್ಟಿದ್ದಳು. “ಅಕ್ಕಾ, ಇದು ಬೆಳೀತಾ ಅಂತ ಕಾಗದ ಬರಿ. ನನ್ನ ಸಮಾಧಾನಕ್ಕೆ ಸುಳ್ಳು ಬರೀಬೇಡ.” ಹವಳ ಸಾಯಲಿಲ್ಲ, ಬೆಳೆಯಲೂ ಇಲ್ಲ. ನನ್ನ ಉತ್ತರ ‘ನಿನ್ನ ಹವಳ’ ಎಂಬಲ್ಲಿಗೆ ನಿಂತು ಮೇಜಿನ ಖಾನೆ ಸೇರಿತ್ತು. ಆಮೇಲೆ ಮೀನಿನಂಗಡಿಯವನು ನೀರು ಪರೀಕ್ಷಿಸಿ, ಕ್ಯಾಲ್ಸಿಯಂ ಸಾಲದೆಂದು ಹೇಳಿದ. ಅದಕ್ಕೇ ಈ ರಿಯಾಕ್ಟರ್: ಕೊಳವೆಯೊಳಗೆ ಸತ್ತ ಹವಳದ ಚೂರು, ಅದರ ನೀರಿಗೆ ಸೋಡಾಕ್ಕೆ ತುಂಬುವಂಥ ಗ್ಯಾಸಿನ ಗುಳ್ಳೆ, ನೀರು ಕೊಂಚ ಹುಳಿಯಾಗಿ ಚೂರು ಕರಗುತ್ತದೆ, ಹನಿಹನಿಯಾಗಿ ತೊಟ್ಟಿಗೆ ಬಂದು ಬದುಕಿರುವ ಹವಳಕ್ಕೆ ಮೂಳೆಯಾಗುತ್ತದೆ.

ಚೂರು ತುಂಬಿ, ನೀರು ಬಿಟ್ಟು, ಪಂಪು ಹಾಕಿದ್ದೇ ತಡ, ಗಡಗಡ ಸದ್ದು!

“ಗ್ಯಾಸ್ ಬಿಟ್ಟರೆ ಸರಿ ಹೋಗುತ್ತೇನೋ?” ಸೊಸೆಯ ಕೈ ವಾಲ್ವಿನ ಮೇಲಿತ್ತು.

“ಕೈ ತೆಗಿ! ಒಳಗೆ ಗಾಳಿ ಸಿಕ್ಕಿಕೊಂಡಿದೆ.”

ಪಂಪು ಆರಿಸಿ, ಕೊಳವೆಯನ್ನು ಹೆಗಲಿಗೆ ವಾಲಿಸಿಕೊಂಡು ಅದರ ಬೆನ್ನು ತಟ್ಟಿದೆ. ತಟ್ಟುತ್ತಲೇ ಇದ್ದೆ. ಬುಳಕ್ಕನೆ ದೊಡ್ಡದೊಂದು ಗುಳ್ಳೆ ಮೇಲೆ ಬಂತು!

“ನಿಮ್ಮ ಮಗನಿಗೂ ಹೀಗೇ ತೇಗು ಬರಿಸ್ತಿದ್ರಾ?”

“ಅವನ ಸದ್ದು ಇದಕ್ಕಿಂತ ಜೋರು.”

ಸೊಸೆ ನಕ್ಕು ನಕ್ಕು ನೆಲಕ್ಕೆ ಕುಳಿತಳು. ಪಂಪು ಈಗ ತೆಪ್ಪಗೆ ತಿರುಗಿತು. ಗ್ಯಾಸನ್ನು ಒಂದೊಂದೇ ಗುಳ್ಳೆಯಾಗಿ ಬಿಟ್ಟೆವು. ತೊಟ್ಟಿಗೆ ಮೊದಲ ಹನಿ ಬಿದ್ದಾಗ ಇಬ್ಬರೂ ಚಪ್ಪಾಳೆ ಹೊಡೆದೆವು. ಹವಳದ ತುದಿಗೆ ಸರಿಯಾಗಿ ಗಾಜಿನ ಮೇಲೆ ಒಂದು ಗೆರೆ ಎಳೆದೆ.

ವಾರಗಳು ಕಳೆದವು. ಒಂದು ಬೆಳಗ್ಗೆ ಸೊಸೆ ಕಿರುಚಿದಳು: “ಅತ್ತೇ! ನಿಮ್ಮ ಬಾಯಿಂದ ಉದುರಿದ ಹಲ್ಲೆಲ್ಲ ಇದಕ್ಕೆ ಬಂದಿದೆ!”

ಕವಲುಗಳ ತುದಿಯಲ್ಲಿ ಬಿಳಿಯ ಎಳೆ ಮೊನೆಗಳು. ಬಿಳಿ ಅಂದರೆ ಸಾವೂ ಇರಬಹುದು. ಕನ್ನಡಕ ಏರಿಸಿ ಬಗ್ಗಿದೆ. ಕೆಳಗಿನ ಕಂದು ಬಣ್ಣ ಹಾಗೆಯೇ ಇತ್ತು. ಮೊನೆಗಳು ಮಾತ್ರ ನನ್ನ ಗೆರೆಯನ್ನು ದಾಟಿ ನಿಂತಿದ್ದವು!

ಖಾನೆಯಿಂದ ಕಾಗದ ತೆಗೆದು, ‘ನಿನ್ನ ಹವಳ’ದ ಮುಂದೆ ‘ಗೆರೆ ದಾಟಿತು ಕಣೇ, ಬಂದು ನೋಡು’ ಎಂದು ಬರೆದೆ. ಸಿಕ್ಕಿದ ಚಪ್ಪಲಿ ಮೆಟ್ಟಿ ಹೊರಟೆ.

“ಓಡಬೇಡಿ ಅತ್ತೆ!”

“ಯಾರೇ ಓಡ್ತಿರೋದು?” ಎನ್ನುತ್ತ, ಏದುಸಿರಲ್ಲೇ ಬೀದಿಯ ಕೊನೆ ತಲುಪಿ, ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದೆ.