ನಡುಕ ಮೀನಿನ ಬಿಲ

ನತಿಬಾ ಒಂದು ವರ್ಷದಿಂದ ತನ್ನ ಓರಗಿತ್ತಿ ರೊಜೆಟಾಳ ಮೇಲೆ ಹಲ್ಲು ಮಸೆಯುತ್ತಿದ್ದಳು. ಕಾರಣ ಸಣ್ಣದೇನಲ್ಲ. ಹೋದ ಬೇಸಿಗೆಯಲ್ಲಿ ತಾಯಿಯ ಸೂತಕ ಕಳೆಯುವ ಊಟಕ್ಕೆಂದು ಅವಳು ಒಬ್ಬಳೇ ಸೊಂಟ ಮುರಿದುಕೊಂಡು ಹೊಳೆಗೆ ಒಡ್ಡು ಕಟ್ಟಿದ್ದಳು. ಬೆಳಗ್ಗೆ ನೀರು ಗೋರಿ ಮೀನು ಹಿಡಿಯೋಣವೆಂದು ಬಂದರೆ ಒಡ್ಡು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಮೀನೆಲ್ಲ ಕೆಳಗಡೆ ಯಾರೋ ಹಿಡಿದ ಬುಟ್ಟಿಗೆ ಹೋಗಿತ್ತು. ಊಟಕ್ಕೆ ಬಂದ ತವರಿನವರು ಬರೀ ಮರಗೆಣಸಿನ ಸೊಪ್ಪು ತಿಂದು ಎದ್ದರು. "ನಮ್ಮಕ್ಕನಿಗೆ ಇಷ್ಟೇನಾ ಬೆಲೆ?" ಎಂದು ಚಿಕ್ಕಮ್ಮ ಕೈ ತೊಳೆಯುತ್ತ ಅಂದ ಮಾತು ನತಿಬಾಳನ್ನು ಇನ್ನೂ ಕುಟುಕುತ್ತಿತ್ತು. ಅದೇ ವಾರವೆಲ್ಲ ರೊಜೆಟಾಳ ಸೂರಿನಿಂದ ಮೀನು ಹೊಗೆಗಿಟ್ಟ ವಾಸನೆ ಬರುತ್ತಿತ್ತು. ಇನ್ನೇನು ಸಾಕ್ಷಿ ಬೇಕು?

ಈ ಸಲ ಊರಿನ ಝಾಂಡೆ ಕುಲದ ಹೆಂಗಸರೆಲ್ಲ ಸೇರಿ, ಉವೆಲೆ ನದಿಗೆ ಇಳಿಯುವ ಆ ಕಲ್ಲುಹೊಳೆಗೆ ಮೇಲೊಂದು ಕೆಳಗೊಂದು ಒಡ್ಡು ಕಟ್ಟಿದ್ದರು. ಬಂಡೆಯಿಂದ ಬಂಡೆಗೆ ಕೊಂಬೆ, ಕಲ್ಲು ಅಡ್ಡ ಹಾಕಿ, ಬಾಳೆಯೆಲೆ ತುರುಕಿ, ಕೆಸರು ಮೆತ್ತಿದ ಒಡ್ಡು. ನಡುವಿನ ನೀರನ್ನು ಗೋರಿ ಹಾಕಿದರೆ ಕಲ್ಲುಗಳ ಬುಡ ಕಾಣುತ್ತದೆ. ಬುಡದ ಬಿಲಗಳಿಗೆ ಬರಿಗೈ ಹಾಕಿ, ತಡಕಿ, ಮೀನು ಎಳೆಯಬೇಕು.

ಹಿಂದಿನ ದಿನ ಒಡ್ಡಿಗೆ ಕಲ್ಲು ಕೀಳುವಾಗ ನತಿಬಾಳ ಒದ್ದೆ ಕತ್ತಿ ಬೋಳುಬಂಡೆಯ ಕೆಳಗಿನ ಬಿಲದಲ್ಲಿ ಏನಕ್ಕೋ ತಾಗಿ, ಭುಜದವರೆಗೆ ಜುಮ್ಮೆಂದು ಹೊಡೆದಿತ್ತು. ನಡುಕ ಮೀನು! ಮುಟ್ಟಿದವರ ಕೈಯನ್ನು ಹೊತ್ತು ಮುಳುಗುವ ತನಕ ಮರಗಟ್ಟಿಸುವ ಪಾಪಿ. ಅಂಥದ್ದು ಸಿಕ್ಕರೆ ಎಲ್ಲರಿಗೂ ಕೂಗಿ ಹೇಳಿ ಬಿಲದ ಬಾಯಿಗೆ ಒಂದು ಕೋಲು ನೆಡುವುದು ಪದ್ಧತಿ. ನತಿಬಾ ಕೂಗಲಿಲ್ಲ, ಕೋಲೂ ನೆಡಲಿಲ್ಲ. "ಎಲ್ಲೂ ಹೋಗ್ಬೇಡಪ್ಪ, ನಾಳೆ ನಿಂಗೊಬ್ರು ನೆಂಟ್ರು ಬರ್ತಾರೆ" ಎಂದು ಬಿಲಕ್ಕೆ ಹೇಳಿ ಬಂದಿದ್ದಳು.

ನೀರಿಗೆ ಇಳಿಯುವ ಮೊದಲು ಹೆಂಗಸರು ಹೊಟ್ಟೆ ತೊಳೆದುಕೊಳ್ಳಬೇಕು. ಹೊಟ್ಟೆಯಲ್ಲಿ ಹಗೆ ಇಟ್ಟುಕೊಂಡವಳು ಕೈ ಹಾಕಿದರೆ ಒಡ್ಡು ನಿಲ್ಲುವುದಿಲ್ಲ ಎಂಬ ನಂಬಿಕೆ. ಒಬ್ಬೊಬ್ಬಳೂ ಬಾಯಿ ತುಂಬ ನೀರು ತುಂಬಿಕೊಂಡು ಉಗಿದು, ಯಾರ ಮೇಲೆ ಏನಿದೆಯೋ ಹೇಳಿಬಿಡಬೇಕು. ತಪ್ಪು ಮಾಡಿದವಳು ಒಂದು ಕೋಳಿ ಕೊಟ್ಟರೆ ಅಲ್ಲಿಗೆ ಹಗೆ ಸತ್ತಿತು. ನತಿಬಾಳಿಗೆ ಬೇಕಾಗಿದ್ದದ್ದು ಕೋಳಿಯಲ್ಲ.

ಮುದುಕಿ ನಂಬಿಯಾ ಸೋರೆಬುರುಡೆಯ ನೀರನ್ನು ಮೊದಲು ಅವಳಿಗೇ ಕೊಟ್ಟಳು. "ಹಿರೇ ಸೊಸೆ, ನಿನ್ನಿಂದ್ಲೇ ಶುರುವಾಗ್ಲವ್ವ. ಹೊಟ್ಟೇಲೇನಿದೆ?"

ನತಿಬಾ ಬುರ್ರೆಂದು ಉಗಿದಳು. "ಏನಿಲ್ಲ ಅಜ್ಜಿ. ಯಾರ್ ಮೇಲೂ ಏನಿಲ್ಲ. ತಣ್ಣಗಿದೆ."

"ಸರಿಯಾಗ್ ನೋಡ್ಕೊಂಡ್ ಹೇಳು."

"ನೋಡ್ಕೊಂಡೇ ಹೇಳಿದ್ದು."

ಮುಂದಿನ ಸರದಿ ರೊಜೆಟಾಳದು. ಅವಳು ನೀರು ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಜೋರಾಗಿ ಹೇಳಿದಳು. "ಅಜ್ಜಿ, ಹೋದ್ ವರ್ಷ ಅಕ್ಕನ ಒಡ್ಡು ಒಡೆದಿದ್ದು ನಾನೇ. ಮನೇಲಿ ಯಾವಾಗ್ ನೋಡಿದ್ರೂ ಅಕ್ಕಂದೇ ಹೊಗಳಿಕೆ, ತಡ್ಕೊಳೋಕಾಗ್ಲಿಲ್ಲ. ಇವತ್ತು ಅಕ್ಕ ಬೈದ್ರೆ ಬೈಸ್ಕೊಳೋಣ ಅಂತ ಬಂದೆ. ನೋಡಿದ್ರೆ ಅಕ್ಕನೇ ಏನಿಲ್ಲ ಅಂದ್ಬಿಟ್ಳು!"

"ಅಯ್ಯೋ, ಎಂಥಾ ದೊಡ್ಡ ಮನಸ್ಸೇ ನತಿಬಾ ನಿಂದು!" ಎಂದು ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು.

"ನತಿಬಾ ಉಗಿದಾಯ್ತು, ಅಲ್ಲಿಗೆ ಮುಗೀತು," ಎಂದಳು ಮುದುಕಿ. "ಇನ್ನು ಕೋಳೀನೂ ಬೇಡ."

ನತಿಬಾಳ ಮೈಯೆಲ್ಲ ಉರಿದುಹೋಯಿತು. ಕಳ್ಳಿ ಹೋದ ವರ್ಷ ಮೀನು ಕದ್ದಳು. ಈಗ ಹಾಡಹಗಲಲ್ಲಿ, ಊರೆಲ್ಲ ನೋಡುತ್ತಿರುವಾಗ, ಸೇಡು ತೀರಿಸುವ ಹಕ್ಕನ್ನೂ ಕದ್ದಿದ್ದಳು. ಮೇಲೆ ತನಗೇ ದೊಡ್ಡ ಮನಸ್ಸೆಂಬ ಶಹಬ್ಬಾಸ್‌ಗಿರಿ ಬೇರೆ!

ಬಿಸಿಲೇರುವ ಹೊತ್ತಿಗೆ ನೀರು ಮೊಣಕಾಲಿಗಿಂತ ಕೆಳಗಿಳಿಯಿತು. ಹೆಂಗಸರು ಹಾಡುತ್ತ, ಜಾರುತ್ತ, ಮುಳ್ಳುಮೀನು ಚುಚ್ಚಿದಾಗ ಅದರ ವಂಶವನ್ನೆಲ್ಲ ಬೈಯುತ್ತ ಬುಟ್ಟಿ ತುಂಬುತ್ತಿದ್ದರು. ರೊಜೆಟಾ ಕಲ್ಲಿಂದ ಕಲ್ಲಿಗೆ ಹಾರುತ್ತ ಮೇಲಿನ ಒಡ್ಡಿನ ಪಕ್ಕದ ಬೋಳುಬಂಡೆಗೆ ಬಂದಳು.

"ಅಕ್ಕಾ, ಇದರ ಕೆಳಗೆ ನೋಡಿದ್ಯಾ?"

ನತಿಬಾ ಬೇಡವೆಂದು ತಲೆ ಅಲ್ಲಾಡಿಸಿದ್ದರೂ ಸಾಕಿತ್ತು. ಆದರೆ ಚಿಕ್ಕಮ್ಮನ ಮಾತು ನೆನಪಾಯಿತು. "ನೋಡಿದೀನಿ. ದಪ್ಪದ್ದೊಂದು ಕೂತಿದೆ. ನನ್ ಕೈ ಎಟುಕ್ಲಿಲ್ಲ. ನಿಂದಾದ್ರೆ ಉದ್ದ ಅಲ್ವೇನೇ, ಬೇರೆಯೋರ್ ಒಡ್ಡಿನ ತನಕ ಹೋಗುತ್ತೆ. ಭುಜದ ತನಕ ಹಾಕು."

ರೊಜೆಟಾ ನಕ್ಕು ಕೈ ಹಾಕಿದಳು. ಮರುಕ್ಷಣ "ಅವ್ವಾ!" ಎಂದು ಕಿರುಚಿ, ಹಿಂದಕ್ಕೆ ನೆಗೆದು, ತನ್ನ ಭಾರವನ್ನೆಲ್ಲ ಹಾಕಿ ಒಡ್ಡಿನ ಮೇಲೆ ಕುಕ್ಕರಿಸಿದಳು. ಒಡ್ಡು ಕುಸಿಯಿತು. ತಡೆದಿಟ್ಟಿದ್ದ ಹೊಳೆ ನುಗ್ಗಿ ಬುಟ್ಟಿಗಳನ್ನು ಎತ್ತಿಕೊಂಡು ಕೆಳಗಿನ ಒಡ್ಡನ್ನೂ ಹಾರಿಸಿ ಓಡಿತು. ಬೆಳಗಿನಿಂದ ಹಿಡಿದ ಮೀನೆಲ್ಲ ಬಂದ ದಾರಿ ಹಿಡಿದವು.

ಹೆಂಗಸರು ಬಾಯಿ ಬಡಿದುಕೊಳ್ಳುತ್ತಿದ್ದಾಗ ನತಿಬಾ ಒಬ್ಬಳೇ ಚಪ್ಪಾಳೆ ತಟ್ಟಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅವಳ ಬುಟ್ಟಿಯೂ ತೇಲಿಹೋಗಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. "ಈಗ ತಣ್ಣಗಾಯ್ತು ಕಣೇ ನನ್ ಹೊಟ್ಟೆ!"

ಬೊಬ್ಬೆ ನಿಂತಿತು. ಮುದುಕಿ ನಂಬಿಯಾ ಸೊಂಟದ ಮೇಲೆ ಕೈಯಿಟ್ಟು ಹತ್ತಿರ ಬಂದಳು. "ಈಗ ತಣ್ಣಗಾಯ್ತಾ? ಹಂಗಾದ್ರೆ ಬೆಳಿಗ್ಗೆ ಉಗಿದಿದ್ದೇನು?"

ನತಿಬಾ ಚಪ್ಪಾಳೆ ತಟ್ಟಿದ ಕೈಗಳನ್ನು ಬೆನ್ನ ಹಿಂದೆ ಮರೆಸಿಕೊಂಡಳು.

"ಹಗೆ ನಿಮ್ಮಿಬ್ರದು, ಒಡ್ಡೂ ನೀವಿಬ್ರೇ ಕಟ್ಟಿ," ಎಂದಳು ಮುದುಕಿ. "ನಾವು ಮರದ ಕೆಳಗೆ ಕೂತಿರ್ತೀವಿ. ಕಟ್ಟಿ ಮುಗಿಯೋ ತನಕ ಮನೆಗೆ ಹೋಗೋ ಮಾತಿಲ್ಲ."

ಇಬ್ಬರೇ ಎಂದರೆ ಎಲ್ಲಿಯ ಇಬ್ಬರು? ರೊಜೆಟಾಳ ಬಲಗೈ ಹೆಗಲಿಂದ ಜೋತುಬಿದ್ದಿತ್ತು. ಅವಳು ಬಂಡೆಯ ಮೇಲೆ ಆರಾಮವಾಗಿ ಕೂತು ಕಾಲು ನೀರಿಗೆ ಇಳಿಬಿಟ್ಟಳು. "ಏನ್ ಮಾಡ್ಲಕ್ಕಾ, ಬೆರಳೇ ಮಡಚೋಕಾಗ್ತಿಲ್ಲ." ನತಿಬಾ ಕೊಂಬೆ ಎಳೆದಳು, ಕಲ್ಲು ಹೊತ್ತಳು, ಇಬ್ಬರ ಪಾಲಿನ ಕೆಸರನ್ನೂ ಮೆತ್ತಿದಳು. ಮರದ ಕೆಳಗಿನ ಕಿಸಿಕಿಸಿ ನಗೆ ಅವಳ ಬೆನ್ನಿಗೆ ಬಡಿಯುತ್ತಿತ್ತು.

"ಅಲ್ಲೊಂದು ತೂತು ಉಳ್ಕೊಂಡಿದೆ ನೋಡಕ್ಕಾ," ಎಂದು ರೊಜೆಟಾ ಎಡಗೈ ಚಾಚಿ ತೋರಿಸಿದಳು.

ನತಿಬಾ ಒಂದು ಹಿಡಿ ಕೆಸರೆತ್ತಿ ಆ ತೂತಿಗೆ ಬಡಿದಳು. ಬಡಿಯಬೇಕೆಂದಿದ್ದ ಜಾಗ ಬೇರೆಯೇ ಇತ್ತು, ಬಂಡೆಯ ಮೇಲೆ ಕೂತು ನಗುತ್ತಿತ್ತು.