ನೀಲಿ ಹತ್ತಿದ ಅರಿವೆ

ನಮ್ಮವರು ಮೋಟಾರ್ ಸೈಕಲ್ ಮೇಲೆ ಊರು ಸುತ್ತಿ ಬಂದಾಗ ನಾನು ಮೊದಲು ನೋಡುವುದು ಅವರ ಮುಖವನ್ನಲ್ಲ, ಚೀಲವನ್ನು. ಮುಖ ಸುಳ್ಳು ಹೇಳಬಹುದು, ಚೀಲಕ್ಕೆ ಅಷ್ಟು ಜಾಣತನ ಇರುವುದಿಲ್ಲ. ಆ ವರ್ಷ ದಾಂಡೇಲಿಗೆ ಹೋಗಿ ಬಂದವರ ಚೀಲ ಬಿಚ್ಚಿದರೆ, ನೀರು ಸೋಸಲು ನಾನು ಕಟ್ಟಿ ಕಳಿಸಿದ್ದ ಅರಿವೆ ಎಲ್ಲಕ್ಕಿಂತ ಮೇಲಿತ್ತು. ಅಂಚಿಗೆ ಅಂಚು ಕೂಡಿಸಿ, ಅಂಗಡಿಯಲ್ಲಿ ಸೀರೆ ಮಡಿಸಿದ ಹಾಗೆ ಮಡಿಸಿದ್ದರು. ಮಡಿಕೆಯ ಗುಂಟ ತೆಳ್ಳಗೆ ನೀಲಿ ಹತ್ತಿತ್ತು.

ಇದರಲ್ಲೇನು ದೊಡ್ಡ ಮಾತು ಎಂದು ಕೇಳಬೇಡಿ. ನಾನು ತೇರದಾಳದ ಜೈನರ ಮಗಳು. ನಮ್ಮ ಮನೆಗಳಲ್ಲಿ ಸೋಸದ ನೀರು ಕುಡಿಯುವುದಿಲ್ಲ. ಕಣ್ಣಿಗೆ ಕಾಣದ ಜೀವವೂ ಸಾಯಬಾರದೆಂದು ದಪ್ಪ ಅರಿವೆಯನ್ನು ಎರಡು ಪದರು ಮಾಡಿ ಕೊಡದ ಬಾಯಿಗೆ ಹಾಕಿ ಸೋಸುತ್ತೇವೆ. ಆಮೇಲೆ ಅರಿವೆ ತಿರುವಿ, ಸೋಸಿದ ನೀರಿನಲ್ಲಿ ಜಾಲಿಸಿ, ಆ ನೀರನ್ನು ಎಲ್ಲಿಂದ ತಂದೆವೋ ಆ ಬಾವಿಗೇ ಇಳಿಸುತ್ತೇವೆ. ಆ ಅರಿವೆಗೆ ಸಾಬೂನು ತಾಗಿಸುವುದಿಲ್ಲ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನಂತೂ ಕನಸಿನಲ್ಲೂ ಹಾಕುವುದಿಲ್ಲ. ಹಾಗಾಗಿ ಇದನ್ನು ಒಗೆದವಳು ಯಾರೇ ಇರಲಿ, ನಮ್ಮ ಪೈಕಿಯವಳಲ್ಲ ಎಂದು ನನಗೆ ಆ ಕ್ಷಣವೇ ಖಾತ್ರಿಯಾಯಿತು.

ಹೌದು, ಒಗೆದವಳು. ಗಂಡಸರು ಇಷ್ಟು ಚಂದ ಮಡಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

"ಇದನ್ನ ಯಾರು ತೊಳದ್ರಿ?" ಎಂದು ಕೇಳಿದೆ.

"ನಾನಽ. ಮತ್ತ್ಯಾರ ತೊಳೀತಾರ?" ಎಂದರು ನಮ್ಮವರು, ಗೋಡೆ ನೋಡುತ್ತ. ತಮ್ಮ ಕರವಸ್ತ್ರ ಯಾವ ಗೂಟದಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ!

ನಮ್ಮವರದು ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನಕಿ. ಕಬ್ಬು ನುರಿಸುವುದು ಮುಗಿದು ಕಾರ್ಖಾನೆ ತಣ್ಣಗಾದ ಕೂಡಲೇ ಇವರ ಕಾಲು ಕಡಿಯತೊಡಗುತ್ತವೆ. ಜೊತೆಗೆ ಇಬ್ಬರು ಗೆಳೆಯರು: ಬನಹಟ್ಟಿಯ ನೇಕಾರ ಸಾತಪ್ಪ, ಹಿಪ್ಪರಗಿಯ ಟ್ರ್ಯಾಕ್ಟರ್ ಮಿಸ್ತ್ರಿ ಹಣಮಪ್ಪ. ಒಬ್ಬೊಬ್ಬರಿಗೆ ಒಂದೊಂದು ಗಾಡಿ. ಮೊದಲ ಸಲ ಹೊರಟಾಗಲೇ ನಾನು ಬಾಗಿಲಲ್ಲಿ ನಿಂತು, ಗೆಳೆಯರಿಬ್ಬರ ಎದುರಿಗೇ ಹೇಳಿದ್ದೆ: "ನಿಮ್ಮ ಕೈಯಾರೆ ಸೋಸಿದ ನೀರಽ ಕುಡೀಬೇಕು. ತಪ್ಪಿದ್ರ ಗಾಡಿ ಮಾರಬೇಕು ನೋಡ್ರಿ." ಅವರು ತಲೆಯಾಡಿಸಿ ಮಾತು ಕೊಟ್ಟಿದ್ದರು. ಈಗ ಕೊಟ್ಟ ಮಾತು ಅಷ್ಟೇ ಅಲ್ಲ, ಕಟ್ಟಿದ ತಾಳಿಯೂ ಯಾವುದೋ ಬಾವಿಕಟ್ಟೆಯ ಮೇಲೆ ಕೂತಿದೆ ಎಂದು ನನಗೆ ಅನಿಸತೊಡಗಿತು. ವರ್ಷವಿಡೀ ಅನಿಸಿತು.

ಮುಂದಿನ ಬೇಸಿಗೆಯಲ್ಲಿ ಕಾರವಾರದ ಸಮುದ್ರ ನೋಡುವ ಮಾತು ಎತ್ತಿದಾಗ, ಗೆಳೆಯರಿಬ್ಬರೂ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು.

"ಈ ಸಲ ನಾನೂ ಬರ್ತೇನಿ," ಎಂದೆ.

ಮೂವರ ಬಸಿಗಳೂ ಅಲ್ಲಲ್ಲೇ ನಿಂತವು. ಹಣಮಪ್ಪ ಮೊದಲು ಸಾವರಿಸಿಕೊಂಡ. "ವೈನಿ, ಕುಂತು ಕುಂತು ನಡಾ ನೋಯ್ತೈತ್ರಿ. ರಸ್ತಾ ಛಲೋ ಇಲ್ಲ."

"ನಡಾ ನಂದು. ನಿಮಗ್ಯಾಕ್ರಿ ಚಿಂತಿ?"

ಸಾತಪ್ಪ ಬಸಿ ಕೆಳಗಿಟ್ಟು ಎರಡೂ ಕೈ ಕಿಸೆಯಲ್ಲಿ ತುರುಕಿಕೊಂಡ. ಮೂವರೂ ಕೂಡಿಯೇ ಮುಚ್ಚಿಡುತ್ತಿದ್ದಾರೆ ಎಂಬುದು ಅಲ್ಲಿಗೆ ಗಟ್ಟಿಯಾಯಿತು. ನಾನು ನನ್ನ ಚೀಲ ಕಟ್ಟುವಾಗ ತವರಿನವರು ಹಾಕಿದ ಬಂಗಾರವನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿದೆ. ಆ ಹೆಂಗಸು ಕಣ್ಣಿಗೆ ಬಿದ್ದ ಊರಿನಿಂದಲೇ ಬಸ್ಸು ಹತ್ತಿ ತೇರದಾಳ ಸೇರುವುದು, ಮತ್ತೆ ಸಮೀರವಾಡಿಯ ಹೊಸ್ತಿಲು ತುಳಿಯಬಾರದು ಎಂದು ನಿಶ್ಚಯ ಮಾಡಿದ್ದೆ.

ಮುಧೋಳ ದಾಟಿ ಲೋಕಾಪುರದ ಕಡೆ ಹೊರಳಿದಾಗ ಬಿಸಿಲಿನ್ನೂ ಏರಿರಲಿಲ್ಲ. ಸೆರಗು ಬಿಗಿದು ಸಿಕ್ಕಿಸಿ ನಮ್ಮವರ ಬೆನ್ನ ಹಿಂದೆ ಕೂತಿದ್ದೆ. ಒಂದು ಹುಣಸೆಮರದ ಕೆಳಗೆ ಗಾಡಿ ನಿಂತವು. ನಮ್ಮವರು ತಂಬಿಗೆ ಹಿಡಿದು ಹೊಲದ ಬಾವಿಯ ಕಡೆ ನಡೆದರು, ಹಿಂದೆಯೇ ಸಾತಪ್ಪ. ನಾನೂ ಎದ್ದೆ.

"ವೈನಿ, ಈ ಪಾನಾ ಒಂಚೂರು ಹಿಡ್ಕೊಂಡು ನಿಂದರ್ರಿ," ಎಂದು ಹಣಮಪ್ಪ ನನ್ನ ಕೈಗೆ ನಟ್ಟು ತಿರುಗಿಸುವ ಪಾನಾ ಒಂದನ್ನು ಕೊಟ್ಟು, ಗಾಡಿಯ ಬುಡದಲ್ಲಿ ಕೂತು ಇನ್ನೊಂದರಿಂದ ಒಂದು ನಟ್ಟು ಸಡಿಲ ಮಾಡಿದ. ಮತ್ತೆ ಅದನ್ನೇ ಬಿಗಿ ಮಾಡಿದ. ಮತ್ತೆ ಸಡಿಲ ಮಾಡಿದ. ಅವರಿಬ್ಬರೂ ತುಂಬಿದ ತಂಬಿಗೆಯೊಂದಿಗೆ ತಿರುಗಿ ಬರುವ ತನಕ ಆ ನಟ್ಟಿಗೆ ನೆಮ್ಮದಿ ಸಿಗಲಿಲ್ಲ.

ಮುಂದಿನ ನಿಲುಗಡೆಯಲ್ಲೂ ಅದೇ ಪಾನಾ, ಅದೇ ನಟ್ಟು. ಬುತ್ತಿ ಬಿಚ್ಚಿದಾಗ ಗೆಳೆಯರಿಬ್ಬರೂ ಉಳ್ಳಾಗಡ್ಡಿ ಇಲ್ಲದ ನಮ್ಮ ಜೈನರ ರೊಟ್ಟಿ ಪಲ್ಯವನ್ನು ಗಪ್ಪನೆ ತಿಂದರು. ನಮ್ಮ ನೇಮದಂತೆ ಹೊತ್ತು ಮುಳುಗುವ ಮೊದಲು ನಮ್ಮ ಜೊತೆಗೇ ಉಂಡು ಕೈ ತೊಳೆದರು. ಮನೆಯಲ್ಲಿ ಹಣಮಪ್ಪನ ಊಟದ ಹೊತ್ತು ಯಾವುದು, ತಾಟಿನಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತಿಲ್ಲವೆ? ನನ್ನ ಎದುರಿಗೆ ಆಡುತ್ತಿರುವ ನಾಟಕ ಎಂದುಕೊಂಡೆ.

ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಧಾರವಾಡ ದಾಟಿ ಗಿಡಮರ ದಟ್ಟವಾದಂತೆ ಗಾಳಿ ತಣ್ಣಗಾಗಿ, ಮೂರೂ ಗಾಡಿಗಳು ಒಂದರ ಹಿಂದೊಂದು ತಿರುವಿನಲ್ಲಿ ವಾಲುವಾಗ ನನಗೆ ವಿಪರೀತ ಖುಷಿಯಾಗಿತ್ತು. ಎಷ್ಟು ಖುಷಿ ಎಂದರೆ ಒಂದಿಷ್ಟು ದೂರ ನಾನು ಅನುಮಾನ ಪಡುವುದನ್ನೇ ಮರೆತಿದ್ದೆ. ಮುಂದಿನವನು ಕೈ ಬೀಸಿದರೆ ಹಿಂದಿನವನು ಕಾರಣ ಕೇಳದೆ ನಿಧಾನಿಸುತ್ತಿದ್ದ. ಇಂಥ ಸುಖ ಬಿಟ್ಟು ಯಾವ ಗಂಡಸು ಮನೆಯಲ್ಲಿ ಕೂರುತ್ತಾನೆ ಎನಿಸಿ, ಮತ್ತೆ ಹೊಟ್ಟೆ ಉರಿಯಿತು.

ಆ ಸಂಜೆ ಉಳಿದದ್ದು ಹಳಿಯಾಳದ ದಾರಿಯಲ್ಲಿ, ಭಾಗವ್ವ ಎಂಬವಳ ಖಾನಾವಳಿಯಲ್ಲಿ. ಗಾಡಿಯ ಸದ್ದಿಗೇ ಅವಳು ನಗುತ್ತ ಹೊರಬಂದಳು. ಮೈಕೈ ತುಂಬಿಕೊಂಡ, ಮೂಗುಬೊಟ್ಟಿನ ಹೆಂಗಸು.

"ಬಂದ್ರ್ಯಾ? ಅರಿವಿ ತಂದೀರಿಲ್ಲೋ ಈ ವರ್ಷ? ನಿಮ್ಮ ಸಲುವಾಗಿ ಬಾವಿಗೆ ಹೊಸಾ ಹಗ್ಗ ಹಾಕೇನಿ ನೋಡ್ರಿ!"

ನಮ್ಮವರ ಮುಖ ಸುಣ್ಣ ಬಳಿದಂತಾಯಿತು. ಹಿತ್ತಲಿನ ಹಗ್ಗದ ಮೇಲೆ ಬಿಳಿ ಬಟ್ಟೆಗಳು ಒಣಗುತ್ತಿದ್ದವು. ಎಲ್ಲಕ್ಕೂ ಢಾಳಾಗಿ ನೀಲಿ ಹಾಕಿತ್ತು.

ಇನ್ನೇನು ನೋಡುವುದಿತ್ತು? "ಧಾರವಾಡದ ಬಸ್ ಯಾವಾಗ ಬರ್ತೈತ್ರಿ?" ಎಂದು ಅವಳನ್ನೇ ಕೇಳಿದೆ. ನಸುಕಿನಲ್ಲಿ ಒಂದು ಬರುತ್ತದೆ ಎಂದಳು. ಬಂಗಾರ ತೆಗೆದು ಸೊಂಟಕ್ಕೆ ಕಟ್ಟಿಕೊಂಡು, ಗೋಡೆ ಕಡೆ ಮುಖ ಮಾಡಿ ಮಲಗಿದೆ. ಗಂಡಸರು ಹೊರಗೆ ಕಟ್ಟೆಯ ಮೇಲೆ ಮಲಗಿದ್ದರು.

ಬೆಳಕು ಹರಿಯುವಾಗ ಬಾವಿಯ ಗಾಲಿ ಕಿರ್ ಎಂದಿತು. ಚೀಲ ಬಗಲಿಗೇರಿಸಿ ಹಿತ್ತಲಿಗೆ ಬಂದೆ. ಬಾವಿಕಟ್ಟೆಯ ಮೇಲೆ ಭಾಗವ್ವ ಹಗ್ಗ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ನನಗೆ ಬೆನ್ನು ಹಾಕಿ ಒಬ್ಬ ಗಂಡಸು ಬಗ್ಗಿದ್ದ. ಸಿಕ್ಕರು!

"ನಾ ಹೊಂಟೆ!" ಎಂದು ಕೂಗಿದೆ. "ಇನ್ನ ಇಬ್ಬರೂ ಕೂಡಿ ಸೋಸ್ಕೋತ ಕುಂದರ್ರಿ!"

ಗಂಡಸು ತಿರುಗಿದ. ಸಾತಪ್ಪ. ಅದೇ ಹೊತ್ತಿಗೆ ಮುಂದಿನ ಕಟ್ಟೆಯಿಂದ ನಮ್ಮವರ ಗೊರಕೆ ಕೇಳಿಸಿತು. ಆ ಗೊರಕೆಯನ್ನು ನಾನು ಯಾವ ಸಂತೆಯಲ್ಲಾದರೂ ಗುರುತಿಸುತ್ತೇನೆ.

ಕೊಡದ ಬಾಯಿಗೆ ನನ್ನ ಅರಿವೆ, ಎರಡು ಪದರು. ಸಾತಪ್ಪ ಅದನ್ನು ತಿರುವಿ ಜಾಲಿಸಿ, ಆ ನೀರನ್ನು ಬಕೀಟಿಗೆ ಹಾಕಿದ್ದ. ಎತ್ತರದಿಂದ ಸುರಿಯದೆ, ನೀರಿಗೆ ತಾಗುವ ತನಕ ಇಳಿಸಲು ಭಾಗವ್ವನ ಕೈಗೆ ಹಗ್ಗ ಕೊಟ್ಟಿದ್ದ. ಒದ್ದೆ ಅರಿವೆಯಲ್ಲಿ ಅವನ ಬೆರಳು ಕಂಡವು. ಉಗುರ ಸಂದಿಯೆಲ್ಲ ಕಡು ನೀಲಿ.

"ಕೈ ಏನ್ರಿ ಅದು?"

"ನೂಲಿಗೆ ಬಣ್ಣಾ ನಾನಽ ಹಾಕ್ತೇನ್ರಿ ವೈನಿ," ಎಂದ ಅವನು, ಕದ್ದು ಸಿಕ್ಕವನ ಹಾಗೆ. "ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ, ಒದ್ದಿ ಅರಿವಿಗೆ ಹತ್ತತೈತಿ. ನಿಮ್ಮ ಸುಪಾರ್ಶ್ವಗ ಬೈಬ್ಯಾಡ್ರಿ. ಹೋದ ವರ್ಷ ದಾಂಡೇಲಿ ದಾರ್ಯಾಗ ಅಂವಾ ದಣದು ಸುಸ್ತಾಗಿ ಹಂಗಽ ಕುಡ್ಯಾಕ ಹೊಂಟಿದ್ದ. ನಾ ತಂಬಗಿ ಕಸ್ಕೊಂಡೆ. ನೀವು ಬಾಗಲದಾಗ ನಿಂತು ಹೇಳಿದ್ದು ನಾನೂ ಕೇಳಿದ್ನೆಲ್ಲ?"

"ಸೋಸೂದು ಯಾರು ಕಲಿಸಿದ್ರು?"

"ನೀವಽ. ನಿಮ್ಮನಿಗೆ ಬಂದಾಗೆಲ್ಲ ನೋಡೇನಿ." ಅರಿವೆ ಮಡಿಸುತ್ತ, "ಗಾಡಿ ಮಾರಸಬ್ಯಾಡ್ರಿ," ಎಂದ.

ನಾನು ಬಾವಿಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಮಾತು ಕೊಟ್ಟವರು ಗೊರಕೆ ಹೊಡೆಯುತ್ತಿದ್ದರು, ಬೇರೆಯವನೊಬ್ಬ ಎಷ್ಟೋ ಬಾವಿಗಳ ಕಟ್ಟೆಯ ಮೇಲೆ ಅದನ್ನು ಉಳಿಸುತ್ತ ಬಂದಿದ್ದ. ಭಾಗವ್ವ ಏನೂ ತಿಳಿಯದೆ ನನ್ನ ಬೆನ್ನು ಸವರಿದಳು. ಧಾರವಾಡದ ಬಸ್ಸು ಬಂದು, ಹಾರ್ನು ಹಾಕಿ ಹೋಯಿತು. ತಂಬಿಗೆ ಮುಂದೆ ಹಿಡಿದೆ. ಸಾತಪ್ಪ ನೀರು ಹಾಕಿದ, ಕುಡಿದೆ.

"ಮಾರಸೂದಿಲ್ಲ," ಎಂದೆ. "ಆದ್ರ ಹಿಂದಿನ ಸೀಟು ಇನ್ನ ನಂದು."

ನಮ್ಮವರು ಎದ್ದ ಮೇಲೆ ಅವರಿಗೆ ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಯಲ್ಲಾಪುರ ಬಿಟ್ಟು ಘಟ್ಟ ಇಳಿಯುವಾಗ ಅವರ ಕಿವಿ ಇನ್ನೂ ಕೆಂಪಗಿದ್ದವು. ಕಾರವಾರದಲ್ಲಿ ನಾವು ನಾಲ್ವರೂ ಮೊಣಕಾಲುಮಟ ಸಮುದ್ರದಲ್ಲಿ ನಿಂತೆವು. ಇಷ್ಟು ನೀರು ಸೋಸುವುದು ನಿನ್ನಿಂದ ಆಗಲಿಕ್ಕಿಲ್ಲ ಎಂದು ಹಣಮಪ್ಪ ಸಾತಪ್ಪನನ್ನು ಕಾಡಿದ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮರಳುವಾಗ ಸಾತಪ್ಪನನ್ನು ಮನೆ ಮುಟ್ಟಿಸಲು ಬನಹಟ್ಟಿಗೆ ಹೋದೆವು. ಅವನ ಹೆಂಡತಿ ಶೇವಂತಿಯನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಬಾಗಿಲಲ್ಲೇ ನಿಂತು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಒಳಗೆ ಬಾ ಎನ್ನಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ವರ್ಷವಿಡೀ ಅದನ್ನು ನಾನು ಕನ್ನಡಿಯಲ್ಲಿ ಕಂಡಿದ್ದೆ.

"ಇಕೀನಽ ಏನು ಅಕಿ?" ಎಂದು ಗಂಡನನ್ನು ಕೇಳಿದಳು. "ಹೋದ ವರ್ಷ ತಿರುಗಾಡಿ ಬಂದಾಗಿಂದ ಮನ್ಯಾಗಿನ ನೀರು ಸೋಸ್ತಿ, ಉಳ್ಳಾಗಡ್ಡಿ ಬ್ಯಾಡಂತಿ, ಹೊತ್ತು ಮುಳುಗೂದ್ರಾಗ ಉಣ್ತಿ. ಯಾವ ಜೈನರಾಕಿ ಕಲಿಸ್ಯಾಳಂದ್ರ ಬಾಯಿ ಬಿಡೂದಿಲ್ಲ."

ಸಾತಪ್ಪ ನಮ್ಮವರ ಮುಖ ನೋಡಿದ. ಗೆಳೆಯನ ಗುಟ್ಟು ಬಿಡಬಾರದೆಂದು ಹೆಂಡತಿಯ ಮುಂದೂ ಬಾಯಿ ಹೊಲಿದುಕೊಂಡಿದ್ದನಲ್ಲ, ಪುಣ್ಯಾತ್ಮ!

ನಾನು ಚೀಲದಿಂದ ಅರಿವೆ ತೆಗೆದು ಶೇವಂತಿಯ ಕೈಯಲ್ಲಿಟ್ಟೆ. "ನನ್ನ ಗಂಡನ ನೀರು ಸೋಸಿದ್ದು ನಿನ್ನ ಗಂಡ, ತಂಗಿ. ನೋಡಿಕೋ," ಎಂದೆ.

ಅವಳು ಮಡಿಕೆ ನೋಡಿದಳು, ಅದು ಅವರ ಮನೆಯಲ್ಲಿ ಸೀರೆ ಮಡಿಸುವ ಮಡಿಕೆ. ನೀಲಿಯ ಮೇಲೆ ಬೆರಳಾಡಿಸಿದಳು, ಅದು ಅವಳದೇ ಹಿತ್ತಲಲ್ಲಿ ನೂಲು ಅದ್ದುವ ಬಾನಿಯ ಬಣ್ಣ. ಮುಂದೆ ಹೇಳುವ ಕೆಲಸವೇ ಬೀಳಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಆಗ ನನಗೆ ಬಾಗಿಲ ಹಿಂದೆ ಕಟ್ಟಿಟ್ಟ ಗಂಟು ಕಂಡಿತು. ಸೀರೆ, ಕುಪ್ಪಸ, ಮೇಲೆ ಒಂದು ಕುಂಕುಮದ ಭರಣಿ. ಶೇವಂತಿ ಅದನ್ನು ಕಾಲಿನಿಂದ ಮರೆಗೆ ಸರಿಸಲು ನೋಡಿದಳು. ನಾನು ಅವಳ ಕೈ ಹಿಡಿದುಕೊಂಡೆ.

"ಬಿಚ್ಚವ್ವ," ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದೆ. "ನಾನೂ ನಂದು ಹಳಿಯಾಳದ ದಾರ್ಯಾಗ ಬಿಚ್ಚೇನಿ."